ನೋಯಿಸಿದವರ ಮೇಲಿನ ಹಗೆಯನ್ನು ಬಿಡುವ ಬಗೆ

ನಾಲ್ಕು ಜನರ ನಡುವೆ ಬಾಳುವವರಿಗೆ ಒಂದಲ್ಲ ಒಂದು ದಿನ ಇನ್ನೊಬ್ಬರಿಂದ ನೋವು ಆಗಿಯೇ ಆಗುತ್ತದೆ. ತರಗತಿಯಲ್ಲಿ ಗೆಳೆಯನೊಬ್ಬ ಎಲ್ಲರ ಎದುರು ಅಡ್ಡಹೆಸರಿಟ್ಟು ಕರೆದಿರಬಹುದು. ನಂಬಿ ಹೇಳಿದ ಗುಟ್ಟನ್ನು ಗೆಳತಿಯೊಬ್ಬಳು ಊರಿಗೆಲ್ಲ ಸಾರಿರಬಹುದು. ಮಾಡದ ತಪ್ಪಿಗೆ ಹಿರಿಯರಿಂದ ಬೈಗುಳ ತಿಂದಿರಬಹುದು. ಮನೆಯ ದೊಡ್ಡವರಿಗೂ ಇದು ತಪ್ಪಿದ್ದಲ್ಲ. ತೋಟದ ಪಾಲಿನಲ್ಲಿ ಅಣ್ಣತಮ್ಮಂದಿರಿಗೆ ಮನಸ್ತಾಪ, ತೋಡಿನ ನೀರಿನ ಸರದಿಯಲ್ಲಿ ನೆರೆಮನೆಯವರೊಡನೆ ಜಗಳ, ಮದುವೆಯ ಚಪ್ಪರದಲ್ಲಿ ಯಾರೋ ಆಡಿದ ಒಂದು ಮಾತು – ಇಷ್ಟರಿಂದಲೇ ಹೋಗಿಬರುವುದು ನಿಂತುಹೋದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ!

ನೋವು ಆಗುವುದು ಒಂದು ಗಳಿಗೆಯಲ್ಲಿ. ಅದನ್ನು ಹಗೆಯಾಗಿ ಬೆಳೆಸಿ ವರ್ಷಗಟ್ಟಲೆ ಸಾಕುವವರು ನಾವು. ಆಡಿದವನು ಆಡಿ ಮರೆತಿರುತ್ತಾನೆ. ಕೇಳಿದವನು ಅದನ್ನು ರಾತ್ರಿ ಮಲಗಿದಾಗ ನೆನೆಯುತ್ತಾನೆ, ಬೆಳಗ್ಗೆ ಎದ್ದಾಗ ನೆನೆಯುತ್ತಾನೆ, ಪುಸ್ತಕ ತೆರೆದಾಗಲೂ ನೆನೆಯುತ್ತಾನೆ. "ಅದನ್ನೆಲ್ಲ ಮರೆತುಬಿಡು" ಎಂದು ಬುದ್ಧಿ ಹೇಳುವುದು ಸುಲಭ. ಆದರೆ ಮರೆಯಬೇಕೆಂದು ಹೊರಟಷ್ಟೂ ಹೆಚ್ಚು ನೆನಪಾಗುವುದು ಮನಸ್ಸಿನ ಸ್ವಭಾವವಾಗಿದೆ. ಹಾಗಾದರೆ ನೋಯಿಸಿದವರ ಮೇಲಿನ ಹಗೆಯನ್ನು ಬಿಡುವುದು ಹೇಗೆ? ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಗೌತಮ ಬುದ್ಧನು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ವೈದ್ಯನು ರೋಗವನ್ನು ನೋಡಿ ಮದ್ದು ಹೇಳುವಂತೆ ಉತ್ತರ ಹೇಳಿದ್ದಾನೆ. ಆ ಪಾಠವನ್ನು ಈ ಲೇಖನದಲ್ಲಿ ತುಸು ವಿಚಾರಿಸೋಣ.

ಬುದ್ಧನೂ ನಮ್ಮ ನೆಲವೂ

ಬುದ್ಧನೆಂದರೆ ಗಂಗಾನದಿಯ ಬಯಲಿನ ದೂರದ ಸಂಗತಿಯೆಂದು ನಾವು ಎಣಿಸಬೇಕಾಗಿಲ್ಲ. ನಮ್ಮ ಜಿಲ್ಲೆಯ ಬಡಗಣ ಗಡಿಯನ್ನು ದಾಟಿ ಮಂಗಳೂರಿಗೆ ಹೋದರೆ ಅಲ್ಲಿನ ಕದ್ರಿಯ ದೇವಾಲಯದಲ್ಲಿ ಮೂರು ಮುಖಗಳೂ ಆರು ಕೈಗಳೂ ಉಳ್ಳ ಲೋಕೇಶ್ವರನ ಕಂಚಿನ ಮೂರ್ತಿಯೊಂದನ್ನು ಕಾಣಬಹುದು. ಆಳುಪ ವಂಶದ ಅರಸನಾದ ಕುಂದವರ್ಮನು ಕ್ರಿ.ಶ. 968ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಮೂರ್ತಿಯ ಪೀಠದ ಶಾಸನವು ತಿಳಿಸುತ್ತದೆ. ಬೌದ್ಧ ಭಿಕ್ಷುಗಳ ನೆಲೆಗೆ ವಿಹಾರವೆಂದು ಹೆಸರು. ಆದುದರಿಂದ ಈ ಲೋಕೇಶ್ವರನು ಬೌದ್ಧರು ಕರುಣೆಯ ರೂಪವೆಂದು ಕಾಣುವ ಅವಲೋಕಿತೇಶ್ವರನೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ನಮಗೆ ಇನ್ನೂ ಹತ್ತಿರದ ನಂಟು ಮಂಜೇಶ್ವರದ್ದು. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು (1883–1963) ಇಬ್ಬರು ಮಹಾಪುರುಷರ ಕೊನೆಯ ದಿನವನ್ನು ವಸ್ತುವಾಗಿ ಇಟ್ಟುಕೊಂಡು ಎರಡು ಖಂಡಕಾವ್ಯಗಳನ್ನು ರಚಿಸಿದರು. ಯೇಸುಕ್ರಿಸ್ತನ ಕೊನೆಯ ದಿನದ ಕಾವ್ಯ 'ಗೊಲ್ಗೊಥಾ'. ಬುದ್ಧನ ಕೊನೆಯ ದಿನದ ಕಾವ್ಯ 'ವೈಶಾಖಿ'. ನಮ್ಮ ಜಿಲ್ಲೆಯ ಕವಿಯೊಬ್ಬರು ಆರಿಸಿಕೊಂಡ ಈ ಎರಡು ದಿನಗಳಿಗೂ ನಮ್ಮ ವಿಷಯಕ್ಕೂ ಹತ್ತಿರದ ಸಂಬಂಧವಿದೆ. ಯೇಸುವು ತನ್ನನ್ನು ಶಿಲುಬೆಗೆ ಏರಿಸಿದವರನ್ನು ಕ್ಷಮಿಸಬೇಕೆಂದು ದೇವರಲ್ಲಿ ಬೇಡಿಕೊಂಡನೆಂಬುದನ್ನು ನೀವು ಕೇಳಿರಬಹುದು. ಬುದ್ಧನ ಕೊನೆಯ ದಿನದಲ್ಲಿಯೂ ಅಂಥದೇ ಒಂದು ಪ್ರಸಂಗವಿದೆ. ಅದನ್ನು ಬಲ್ಲವರು ಕಡಿಮೆ.

ಚುಂದನ ಮನೆಯ ಊಟ

ಪಾಲಿ ಭಾಷೆಯ ದೀಘನಿಕಾಯದಲ್ಲಿ 'ಮಹಾಪರಿನಿಬ್ಬಾಣ ಸುತ್ತ'ವೆಂಬ ಒಂದು ಭಾಗವಿದೆ. ಬುದ್ಧನ ಕಡೆಯ ದಿನಗಳ ವಿವರವೆಲ್ಲ ಅದರಲ್ಲಿದೆ. ಆಗ ಬುದ್ಧನಿಗೆ ಎಂಬತ್ತು ವರ್ಷ. ಶಿಷ್ಯರೊಡನೆ ನಡೆಯುತ್ತ ಪಾವಾ ಎಂಬ ಊರಿಗೆ ಬಂದು ಚುಂದನೆಂಬ ಕಮ್ಮಾರನ ಮಾವಿನ ತೋಪಿನಲ್ಲಿ ಇಳಿದುಕೊಂಡನು. ಚುಂದನು ಬಹಳ ಭಕ್ತಿಯಿಂದ ಮರುದಿನ ಊಟಕ್ಕೆ ಕರೆದನು. ಅಂದು ಬಡಿಸಿದ ಒಂದು ಪದಾರ್ಥವು ಹಂದಿಯ ಮಾಂಸವೋ ಒಂದು ಬಗೆಯ ಅಣಬೆಯೋ ಎಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಏನೇ ಇರಲಿ, ಬುದ್ಧನು ಆ ಪದಾರ್ಥವನ್ನು ತನಗೊಬ್ಬನಿಗೇ ಬಡಿಸಬೇಕೆಂದೂ ಉಳಿದುದನ್ನು ಗುಂಡಿ ತೋಡಿ ಹೂಳಬೇಕೆಂದೂ ಹೇಳಿದನು. ಊಟವಾದ ಮೇಲೆ ಅವನಿಗೆ ರಕ್ತಭೇದಿಯೂ ಕಠಿಣವಾದ ನೋವೂ ಕಾಣಿಸಿಕೊಂಡವು. ಆ ನೋವಿನಲ್ಲಿಯೇ ಕುಶಿನಗರದ ಕಡೆಗೆ ನಡೆದನು.

ದಾರಿಯಲ್ಲಿ ಒಂದು ಕಡೆ ವಿಶ್ರಮಿಸಿದಾಗ ಬುದ್ಧನು ಶಿಷ್ಯನಾದ ಆನಂದನನ್ನು ಕರೆದು ಒಂದು ಕೆಲಸವನ್ನು ಒಪ್ಪಿಸಿದನು. ಮುಂದೆ ಜನರು ಚುಂದನನ್ನು ದೂರಬಹುದು, ಅವನು ಕೊಟ್ಟ ಊಟದಿಂದಲೇ ಬುದ್ಧನು ತೀರಿಕೊಂಡನೆಂದು ಹೇಳಬಹುದು, ಅದನ್ನು ಕೇಳಿ ಚುಂದನು ಕೊರಗಬಹುದು. ಹಾಗಾಗದಂತೆ ನೋಡಿಕೊಳ್ಳಬೇಕು ಎಂದನು. ತಾನು ಬೋಧಿಯನ್ನು ಪಡೆಯುವ ಮುಂಚೆ ಉಂಡ ಅನ್ನಕ್ಕೆ ಎಷ್ಟು ಪುಣ್ಯವೋ ಈ ಕೊನೆಯ ಅನ್ನಕ್ಕೂ ಅಷ್ಟೇ ಪುಣ್ಯವೆಂದು ಚುಂದನಿಗೆ ತಿಳಿಸಿ ಸಮಾಧಾನ ಮಾಡಬೇಕೆಂದನು.

ಇಲ್ಲಿ ನಾವು ಗಮನಿಸಬೇಕಾದುದೇನು? ತನ್ನ ಸಾವಿಗೆ ಕಾರಣನೆನಿಸಿದವನ ಮೇಲೆ ಬುದ್ಧನು ಸಿಟ್ಟಾಗಲಿಲ್ಲ ಎಂಬಷ್ಟೇ ಅಲ್ಲ. ಅವನು ಮುಂದೆ ಪಡಬಹುದಾದ ಸಂಕಟವನ್ನು ಮೊದಲೇ ಯೋಚಿಸಿ ಅದಕ್ಕೆ ಪರಿಹಾರವನ್ನೂ ಮಾಡಿಟ್ಟನು. ಚುಂದನು ಕೆಟ್ಟದ್ದನ್ನು ಬಯಸಿದವನಲ್ಲ. ನಮ್ಮನ್ನು ನೋಯಿಸುವವರಲ್ಲಿ ಚುಂದನಂಥವರು ಎಷ್ಟೋ ಮಂದಿ ಇದ್ದಾರೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ ಮಾವನೊಬ್ಬನು ಆಡಿದ ಮಾತು, ಅವಸರದಲ್ಲಿ ಅಮ್ಮ ಗದರಿಸಿದ್ದು, ಗೆಳೆಯನು ತಮಾಷೆಯೆಂದು ತಿಳಿದು ಮಾಡಿದ್ದು – ಇವೆಲ್ಲ ನಮಗೆ ತಾಕಿದ್ದು ನಿಜ, ಆದರೆ ಅವರು ತಾಕಲೆಂದು ಎಸೆದದ್ದಲ್ಲ. ಆದುದರಿಂದ ಯಾರನ್ನೇ ಆಗಲಿ ಹಗೆಯೆಂದು ಎಣಿಸುವ ಮುಂಚೆ, ನನಗೆ ನೋವಾಗಿದೆಯೆಂದು ಅವರಿಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳುವುದು ಮೊದಲನೆಯ ಪಾಠ.

ಬಡಿಸಿದ್ದನ್ನು ಉಣ್ಣದ ಅತಿಥಿ

ಬೇಕೆಂದೇ ನೋಯಿಸುವವರೂ ಇದ್ದಾರಲ್ಲ, ಅವರ ವಿಷಯವೇನು ಎಂದು ನೀವು ಕೇಳಬಹುದು. ಬುದ್ಧನಿಗೂ ಅಂಥವರು ಎದುರಾಗಿದ್ದರು. ಅವನು ರಾಜಗೃಹದಲ್ಲಿದ್ದಾಗ ಭಾರದ್ವಾಜ ಗೋತ್ರದ ಬ್ರಾಹ್ಮಣನೊಬ್ಬನು, ತನ್ನ ಗೋತ್ರದವನು ಬುದ್ಧನ ಸಂಘವನ್ನು ಸೇರಿದನೆಂಬ ಸಿಟ್ಟಿನಿಂದ ಬಂದು ಬಾಯಿಗೆ ಬಂದಂತೆ ಬೈದನು. ಬುದ್ಧನು ಎಲ್ಲವನ್ನೂ ಕೇಳಿ, ನಿನ್ನ ಮನೆಗೆ ನೆಂಟರಿಷ್ಟರು ಬರುವುದುಂಟೇ ಎಂದು ವಿಚಾರಿಸಿದನು. ಉಂಟೆಂದನು ಬ್ರಾಹ್ಮಣ. ಅವರಿಗೆ ಊಟ ಬಡಿಸುವೆಯಾ? ಕೆಲವೊಮ್ಮೆ ಬಡಿಸುತ್ತೇನೆ. ಅವರು ಅದನ್ನು ಸ್ವೀಕರಿಸದಿದ್ದರೆ ಅದು ಯಾರದಾಗುತ್ತದೆ? ನಮ್ಮದೇ ಆಗಿ ಉಳಿಯುತ್ತದೆ. ಆಗ ಬುದ್ಧನು, ನೀನು ಬಡಿಸಿದ ಈ ಬೈಗುಳವನ್ನು ನಾವು ಸ್ವೀಕರಿಸಲಿಲ್ಲ, ಇದು ನಿನ್ನಲ್ಲೇ ಉಳಿಯಿತು ಎಂದು ಹೇಳಿದನಂತೆ. ಆ ಬ್ರಾಹ್ಮಣನು ಮುಂದೆ ಬುದ್ಧನ ಶಿಷ್ಯನೇ ಆದನೆಂದು ಕಥೆ.

ಬೈದವನಿಗೆ ತಿರುಗಿ ಬೈಯುವುದೆಂದರೆ ಅವನ ಎಲೆಯಲ್ಲಿ ಅವನ ಜೊತೆಗೆ ಕುಳಿತು ಉಂಡಂತೆ. ಹಾಗೆಂದು ಆ ಮಾತು ಕಿವಿಗೆ ಬೀಳಲಿಲ್ಲವೆಂದಲ್ಲ. ಬೀಳುತ್ತದೆ. ಅದನ್ನು ಮನೆಗೆ ಕೊಂಡುಹೋಗಿ ಮತ್ತೆ ಮತ್ತೆ ಮೆಲ್ಲುವುದು ಮಾತ್ರ ನಮ್ಮ ಕೈಯಲ್ಲಿದೆ. ಧಮ್ಮಪದದ ಮೊದಲನೆಯ ಅಧ್ಯಾಯದಲ್ಲಿಯೂ ಇದೇ ಅಭಿಪ್ರಾಯವಿದೆ. ತನಗಾದ ಅನ್ಯಾಯದ ಲೆಕ್ಕವನ್ನು ಮನಸ್ಸಿನಲ್ಲಿ ಓದುತ್ತಲೇ ಇರುವವನ ಹಗೆ ಆರುವುದಿಲ್ಲ, ಆ ಓದನ್ನು ನಿಲ್ಲಿಸಿದವನ ಹಗೆ ಆರುತ್ತದೆ ಎಂಬುದು ಅದರ ಸಾರಾಂಶ.

ಐದು ಬಗೆಯ ಜನರು, ಐದು ಉಪಮೆಗಳು

ಎಲ್ಲ ರೋಗಕ್ಕೂ ಒಂದೇ ಮದ್ದು ಸಲ್ಲದು. ಅಂಗುತ್ತರ ನಿಕಾಯದಲ್ಲಿ ಬುದ್ಧನು ಹಗೆಯನ್ನು ಕಳೆಯುವ ಐದು ದಾರಿಗಳನ್ನು ಹೇಳಿದ್ದಾನೆ: ಅವರಿಗೆ ಒಳ್ಳೆಯದಾಗಲೆಂದು ಬಯಸುವ ಮೈತ್ರಿ, ಅವರ ಸಂಕಟಕ್ಕೆ ಮರುಗುವ ಕರುಣೆ, ಮನಸ್ಸನ್ನು ಸಮತೂಕದಲ್ಲಿ ಇಡುವ ಉಪೇಕ್ಷೆ, ಅವರ ಕಡೆಗೆ ಗಮನವನ್ನೇ ಕೊಡದಿರುವುದು, ಮತ್ತು ಅವರವರ ಕರ್ಮಕ್ಕೆ ಅವರವರೇ ಒಡೆಯರೆಂದು ತಿಳಿಯುವುದು. ಅದರ ಪಕ್ಕದಲ್ಲಿಯೇ ಶಿಷ್ಯನಾದ ಸಾರಿಪುತ್ತನು ಹೇಳಿದ ಐದು ಉಪಮೆಗಳಿವೆ. ನೀರಿಗಾಗಿ ಮುರಕಲ್ಲಿನ ಗುಡ್ಡದಲ್ಲಿ ಸುರಂಗ ಕೊರೆಯುವ ನಮ್ಮ ಊರಿನವರಿಗೆ ಅವು ಬೇಗನೆ ಅರ್ಥವಾಗುವಂಥವು.

ಕೆಲವರ ನಡತೆ ಸರಿಯಿಲ್ಲ, ಆದರೆ ಮಾತು ಒಳ್ಳೆಯದು. ಹರಕು ಬಟ್ಟೆಯನ್ನು ಆಯ್ದು ಹೊಲಿದು ಉಡುವ ಭಿಕ್ಷುವು ದಾರಿಯಲ್ಲಿ ಬಿದ್ದ ಚಿಂದಿಯನ್ನು ಕಂಡಾಗ, ಎಡಗಾಲಿನಲ್ಲಿ ಒತ್ತಿ ಹಿಡಿದು ಬಲಗಾಲಿನಲ್ಲಿ ಬಿಡಿಸಿ, ಗಟ್ಟಿಯಾದ ಭಾಗವನ್ನು ಹರಿದುಕೊಂಡು ಉಳಿದುದನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ಇಂಥವರಲ್ಲಿರುವ ಒಳ್ಳೆಯ ಮಾತನ್ನು ಮಾತ್ರ ಹಾಗೆ ತೆಗೆದುಕೊಳ್ಳಬೇಕು.

ಇನ್ನು ಕೆಲವರ ಮಾತು ಒರಟು, ನಡತೆ ಒಳ್ಳೆಯದು. ಬಿಸಿಲಿನಲ್ಲಿ ಬಳಲಿ ಬಂದವನು ಪಾಚಿ ಮುಚ್ಚಿದ ಕೆರೆಯನ್ನು ಕಂಡರೆ ಹಿಂದಿರುಗುವನೇ? ಎರಡು ಕೈಗಳಿಂದ ಪಾಚಿಯನ್ನು ಸರಿಸಿ ಬೊಗಸೆಯಲ್ಲಿ ನೀರು ಕುಡಿಯುತ್ತಾನೆ. ಮನೆಯಲ್ಲಿ ಯಾವಾಗಲೂ ಗದರುವ ಅಜ್ಜ, ಜ್ವರ ಬಂದ ರಾತ್ರಿ ನಿದ್ದೆಗೆಟ್ಟು ನಮ್ಮ ಬಳಿ ಕುಳಿತಿರುತ್ತಾರಲ್ಲವೇ?

ಮೂರನೆಯವರ ಮಾತೂ ನಡತೆಯೂ ಸರಿಯಿಲ್ಲ. ಆದರೆ ಆಗೊಮ್ಮೆ ಈಗೊಮ್ಮೆ ಅವರ ಮನಸ್ಸು ತಿಳಿಯಾಗುವುದುಂಟು. ಅದು ಹಸುವಿನ ಗೊರಸಿನ ಗುಳಿಯಲ್ಲಿ ನಿಂತ ನೀರಿನಂತೆ. ಕೈ ಹಾಕಿದರೆ ಕಲಕಿ ಕೆಸರಾಗುತ್ತದೆ. ಬಾಯಾರಿದವನು ಮೊಣಕಾಲೂರಿ ಬಗ್ಗಿ ಹಸುವಿನ ಹಾಗೆಯೇ ಕುಡಿಯಬೇಕು. ಇಂಥವರಲ್ಲಿ ಒಳ್ಳೆಯದನ್ನು ಕಾಣಬೇಕಾದರೆ ನಾವೂ ಸ್ವಲ್ಪ ಬಗ್ಗಬೇಕಾಗುತ್ತದೆ.

ನಾಲ್ಕನೆಯವರ ಮಾತು, ನಡತೆ, ಮನಸ್ಸು ಮೂರರಲ್ಲಿಯೂ ಒಳ್ಳೆಯದು ಕಾಣುವುದಿಲ್ಲ. ಅವರು ಹಿಂದಿನ ಊರೂ ದೂರ, ಮುಂದಿನ ಊರೂ ದೂರವಾದ ದಾರಿಯ ನಡುವೆ ಕಾಯಿಲೆಯಿಂದ ಬಿದ್ದ ಪ್ರಯಾಣಿಕನಂತೆ. ಅವನಿಗೆ ಅನ್ನವಿಲ್ಲ, ಔಷಧಿಯಿಲ್ಲ, ಹತ್ತಿರ ಒಬ್ಬರೂ ಇಲ್ಲ. ಅಂಥವನನ್ನು ಕಂಡರೆ ಸಿಟ್ಟು ಬರುವುದೋ ಅಯ್ಯೋ ಎನಿಸುವುದೋ? ಎಲ್ಲರನ್ನೂ ನೋಯಿಸುತ್ತ ತಿರುಗುವವನು ಒಳಗೆ ಅಷ್ಟೇ ಅನಾಥನಾಗಿರುತ್ತಾನೆ.

ಐದನೆಯವರು ಎಲ್ಲ ರೀತಿಯಿಂದಲೂ ಒಳ್ಳೆಯವರು. ಮರಗಳ ನೆರಳಿನಲ್ಲಿ ತಿಳಿನೀರು ತುಂಬಿದ ಕೆರೆಯಂತಿರುವವರು. ಅವರ ಮೇಲೆಯೂ ನಮಗೆ ಹಗೆ ಹುಟ್ಟುವುದುಂಟು, ಹೆಚ್ಚಾಗಿ ಹೊಟ್ಟೆಕಿಚ್ಚಿನಿಂದ. ಆ ಕೆರೆಯಲ್ಲಿ ಇಳಿದು ಮಿಂದು, ನೀರು ಕುಡಿದು, ನೆರಳಿನಲ್ಲಿ ಕುಳಿತುಕೊಳ್ಳುವುದಷ್ಟೇ ನಾವು ಮಾಡಬೇಕಾದ ಕೆಲಸ.

ದಿನನಿತ್ಯದ ಅಭ್ಯಾಸ

ತತ್ತ್ವವನ್ನು ತಿಳಿದಷ್ಟರಿಂದ ಹಗೆ ಹೋಗುವುದಿಲ್ಲ. ಲೆಕ್ಕದ ಸೂತ್ರವನ್ನು ಬಾಯಿಪಾಠ ಮಾಡಿದರೆ ಸಾಲದು, ಲೆಕ್ಕ ಮಾಡಿ ಕಲಿಯಬೇಕು. ಐದನೆಯ ಶತಮಾನದಲ್ಲಿ ಸಿಂಹಳದಲ್ಲಿದ್ದ ಬುದ್ಧಘೋಷನೆಂಬ ಪಂಡಿತನು 'ವಿಸುದ್ಧಿಮಗ್ಗ'ವೆಂಬ ಗ್ರಂಥದಲ್ಲಿ ಈ ಅಭ್ಯಾಸದ ಕ್ರಮವನ್ನು ವಿವರವಾಗಿ ಬರೆದಿದ್ದಾನೆ.

ಹಗೆಯವನಿಂದಲೇ ಆರಂಭಿಸಬಾರದು ಎಂಬುದು ಅವನ ಮೊದಲನೆಯ ಎಚ್ಚರಿಕೆ. ಈಜು ಕಲಿಯುವವನು ಮೊದಲ ದಿನವೇ ತುಂಬಿದ ಹೊಳೆಗೆ ಹಾರುವುದಿಲ್ಲವಷ್ಟೆ. ಒಂದೆಡೆ ಸುಮ್ಮನೆ ಕುಳಿತು, ಮೊದಲು ತನಗೆ ಒಳ್ಳೆಯದಾಗಲಿ ಎಂದು ಬಯಸಬೇಕು. ಬಳಿಕ ತಾನು ಗೌರವಿಸುವ ಗುರುಗಳಿಗೆ, ಅನಂತರ ಪ್ರೀತಿಯ ಗೆಳೆಯರಿಗೆ, ಆಮೇಲೆ ಇಷ್ಟವೂ ಅನಿಷ್ಟವೂ ಅಲ್ಲದ ಒಬ್ಬರಿಗೆ, ಅಂದರೆ ದಿನವೂ ಬಸ್ಸಿನಲ್ಲಿ ಕಾಣುವ ಕಂಡಕ್ಟರರಂಥವರಿಗೆ ಒಳಿತನ್ನು ಬಯಸಬೇಕು. ಮನಸ್ಸು ಹೀಗೆ ಹದವಾದ ಮೇಲೆ ಮಾತ್ರ ನೋಯಿಸಿದವರನ್ನು ನೆನೆಯಬೇಕು. ಆಗ ಸಿಟ್ಟು ಮತ್ತೆ ಏಳುತ್ತದೆ. ಎದ್ದರೆ ಹಿಂದಿನ ಮೆಟ್ಟಿಲಿಗೆ ಇಳಿದು ಪುನಃ ಆರಂಭಿಸಬೇಕು.

ಸಿಟ್ಟು ಹಿಡಿದ ಮನಸ್ಸಿಗೆ ಬುದ್ಧಘೋಷನು ಹೇಳಿಸುವ ಮಾತುಗಳು ಬಹಳ ಸ್ವಾರಸ್ಯವಾಗಿವೆ. ಇನ್ನೊಬ್ಬನಿಗೆ ಎಸೆಯಲೆಂದು ಕೆಂಡವನ್ನು ಕೈಯಲ್ಲಿ ಎತ್ತಿಕೊಂಡವನು ಮೊದಲು ಸುಡುವುದು ತನ್ನ ಕೈಯನ್ನೇ ಎನ್ನುತ್ತಾನೆ. ಅವನು ಕೇಳಿಸುವ ಇನ್ನೊಂದು ಪ್ರಶ್ನೆಯೂ ಇದೆ. ನಿನಗೆ ಸಿಟ್ಟಿರುವುದು ಅವನ ಯಾವ ಭಾಗದ ಮೇಲೆ? ಕೂದಲಿನ ಮೇಲೆಯೇ, ಉಗುರಿನ ಮೇಲೆಯೇ, ಹಲ್ಲಿನ ಮೇಲೆಯೇ? ಹೀಗೆ ಒಂದೊಂದಾಗಿ ಬಿಡಿಸಿ ನೋಡಿದರೆ ಸಿಟ್ಟಿಗೆ ನಿಲ್ಲಲು ಜಾಗವೇ ಸಿಕ್ಕುವುದಿಲ್ಲ. ಮತ್ತೊಂದು ಮಾತು ವಿದ್ಯಾರ್ಥಿಗಳಿಗೆ ಮುಖ್ಯವಾದುದು. ನಮ್ಮ ವೈರಿಯು ನಮಗೆ ನಿದ್ದೆ ಬಾರದಿರಲಿ, ಮುಖ ಕಳೆಗುಂದಲಿ, ಗೆಳೆಯರು ದೂರವಾಗಲಿ ಎಂದು ಬಯಸುತ್ತಾನೆ. ಸಿಟ್ಟು ಹಿಡಿದು ಕುಳಿತರೆ ಅವನು ಬೆರಳೆತ್ತುವ ಮುಂಚೆಯೇ ಅವನ್ನೆಲ್ಲ ನಾವೇ ನಮಗೆ ಮಾಡಿಕೊಂಡಂತಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಹಗೆ ಹೋಗದಿದ್ದರೆ ಬುದ್ಧಘೋಷನು ಕೊನೆಗೆ ಹೇಳುವ ಉಪಾಯವು ಸರಳವಾದುದು: ಅವರಿಗೆ ಏನನ್ನಾದರೂ ಕೊಡು, ಅವರು ಕೊಟ್ಟುದನ್ನು ಪಡೆದುಕೋ. ನಮ್ಮ ಕಡೆ ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಹಿತ್ತಲಿನ ಒಂದು ಹಲಸಿನ ಹಣ್ಣು, ನಾಲ್ಕು ಸೌತೆಕಾಯಿ, ಒಂದು ಬಾಳೆಗೊನೆ ಬೇಲಿ ದಾಟಿ ಹೋದರೆ ಮಾತು ಅದರ ಹಿಂದೆಯೇ ಹೋಗುತ್ತದೆ. ಅವಸರವನ್ನು ಮಾತ್ರ ಮಾಡಬಾರದು. ಬುದ್ಧನ ಕೊನೆಯ ಪ್ರಯಾಣದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಅವನು ಕುಡಿಯಲು ನೀರು ಕೇಳಿದಾಗ, ಅನೇಕ ಗಾಡಿಗಳು ದಾಟಿಹೋಗಿ ಹತ್ತಿರದ ತೊರೆಯು ಕದಡಿದೆಯೆಂದು ಆನಂದನು ಹಿಂಜರಿದನು. ಮೂರನೆಯ ಸಲ ಹೇಳಿದ ಮೇಲೆ ಹೋಗಿ ನೋಡಿದರೆ ನೀರು ತಿಳಿಯಾಗಿ ಹರಿಯುತ್ತಿತ್ತು. ಕದಡಿದ ಮನಸ್ಸಿನಲ್ಲಿ ಆ ದಿನವೇ ಯಾರಿಗೂ ಉತ್ತರ ಹೇಳಹೋಗದೆ ಒಂದೆರಡು ದಿನ ಕಾದರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ.

ಹಗೆ ಬಿಡುವುದೆಂದರೆ ಹಕ್ಕು ಬಿಡುವುದಲ್ಲ

ಇಲ್ಲಿ ಒಂದು ಸಂದೇಹ ಬರುತ್ತದೆ. ಹೀಗೆ ಎಲ್ಲವನ್ನೂ ಸಹಿಸಿದರೆ ಕೆಟ್ಟವರಿಗೆ ಧೈರ್ಯ ಬಂದಂತಾಗುವುದಿಲ್ಲವೇ? ಹಗೆಯನ್ನು ಬಿಡುವುದೆಂದರೆ ತಪ್ಪನ್ನು ಸರಿಯೆನ್ನುವುದಲ್ಲ. ಶಾಲೆಯಲ್ಲಿ ಒಬ್ಬನು ಮತ್ತೆ ಮತ್ತೆ ಹೊಡೆಯುತ್ತಿದ್ದರೆ ಅಥವಾ ಯಾರಾದರೂ ಮಕ್ಕಳೊಡನೆ ಕೆಟ್ಟದಾಗಿ ನಡೆದುಕೊಂಡರೆ, ಅದನ್ನು ತಡವಿಲ್ಲದೆ ಹೆತ್ತವರಿಗೂ ಅಧ್ಯಾಪಕರಿಗೂ ತಿಳಿಸಲೇಬೇಕು. ತಿಳಿಸುವುದು ದ್ವೇಷವಲ್ಲ, ರಕ್ಷಣೆ. ಹಾವಿನ ಮೇಲೆ ಹಗೆಯಿಲ್ಲದವನೂ ರಾತ್ರಿ ತೋಟಕ್ಕೆ ಹೋಗುವಾಗ ಬೆಳಕು ಹಿಡಿದೇ ಹೋಗುತ್ತಾನೆ.

ಈ ವಿವೇಕವು ನಾಡುಗಳಿಗೂ ಅನ್ವಯಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಏಪ್ರಿಲ್ ತಿಂಗಳಲ್ಲಿ, ಜಪಾನಿನ ವಿಮಾನಗಳು ಸಿಂಹಳದ ಕೊಲಂಬೊ ಮತ್ತು ತ್ರಿಂಕೋಮಲಿಗಳ ಮೇಲೆ ಬಾಂಬು ಹಾಕಿದ್ದವು. ಜಪಾನಿನೊಡನೆ ಶಾಂತಿ ಒಪ್ಪಂದ ಮಾಡಿಕೊಳ್ಳಲು 1951ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೊದಲ್ಲಿ ರಾಷ್ಟ್ರಗಳ ಸಮ್ಮೇಳನ ನಡೆಯಿತು. ಸಿಂಹಳದ ಅರ್ಥಮಂತ್ರಿಯಾಗಿದ್ದ ಜೆ. ಆರ್. ಜಯವರ್ಧನೆ ಅವರು ಅಲ್ಲಿ ಎದ್ದು ನಿಂತು, ತಮ್ಮ ದೇಶಕ್ಕಾದ ಹಾನಿಯನ್ನು ಮುಚ್ಚಿಡದೆ ಹೇಳಿದರು. ಪರಿಹಾರವನ್ನು ಕೇಳುವ ಹಕ್ಕು ತಮಗಿದ್ದರೂ ಕೇಳುವುದಿಲ್ಲವೆಂದರು. ಹಗೆಯು ಹಗೆಯಿಂದ ಅಳಿಯದೆಂಬ ಬುದ್ಧನ ಬೋಧನೆಯನ್ನೇ ಅದಕ್ಕೆ ಆಧಾರವಾಗಿ ಕೊಟ್ಟರು. ಆದ ನಷ್ಟವನ್ನು ಲೋಕದ ಎದುರು ಸ್ಪಷ್ಟವಾಗಿ ಹೇಳುವುದಕ್ಕೂ ಹಗೆಯನ್ನು ಬಿಡುವುದಕ್ಕೂ ವಿರೋಧವಿಲ್ಲವೆಂದು ಈ ಪ್ರಸಂಗದಿಂದ ತಿಳಿಯುತ್ತದೆ.

ನಮ್ಮ ನಾಡಿಗೂ ತನ್ನದೇ ಆದ ಒಂದು ನೋವಿದೆ. ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು (1915–2015) ಕನ್ನಡಕ್ಕಾಗಿ ಜೀವಮಾನವಿಡೀ ಹೋರಾಡಿದರು. ಕನ್ನಡದಲ್ಲಿ ಕಲಿಯುವ ಹಕ್ಕು, ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ನಮ್ಮದು. ಅದನ್ನು ಕೇಳುವುದು ನ್ಯಾಯ, ಕೇಳುತ್ತಲೇ ಇರಬೇಕು. ಆದರೆ ಪಕ್ಕದ ತರಗತಿಯಲ್ಲಿ ಮಲಯಾಳದಲ್ಲಿ ಪಾಠ ಕೇಳುವ ಹುಡುಗನು ಗಡಿಯ ಗೆರೆಯನ್ನು ಎಳೆದವನಲ್ಲ. ಅವನು ನಮ್ಮ ಚುಂದನೂ ಅಲ್ಲ, ನಮ್ಮ ವೈರಿಯೂ ಅಲ್ಲ. ನಮ್ಮೊಡನೆ ಆಟವಾಡುವ ಹುಡುಗ, ಅಷ್ಟೇ. ಸಪ್ತಭಾಷೆಗಳ ನಾಡೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ಮಣ್ಣಿನಲ್ಲಿ ಹಕ್ಕಿನ ಮಾತನ್ನು ಸರಕಾರದ ಮುಂದೆ ಗಟ್ಟಿಯಾಗಿ ಆಡೋಣ. ಅದರ ಕಹಿಯನ್ನು ಆಟದ ಬಯಲಿಗೆ ತಾರದಿರೋಣ.

ದೀಘಾವು ಕುಮಾರನ ಕಥೆ

ಒಮ್ಮೆ ಕೌಶಾಂಬಿಯ ಭಿಕ್ಷುಗಳಲ್ಲಿ ದೊಡ್ಡ ಜಗಳ ಹುಟ್ಟಿತು. ಶೌಚದ ಪಾತ್ರೆಯಲ್ಲಿ ಒಬ್ಬನು ನೀರು ಉಳಿಸಿಹೋದನೆಂಬುದು ಅದರ ಮೂಲವೆಂದು ಹಳೆಯ ವ್ಯಾಖ್ಯಾನಕಾರರು ಹೇಳುತ್ತಾರೆ. ಅಷ್ಟು ಚಿಕ್ಕ ಮಾತಿನಿಂದ ಸಂಘವೇ ಎರಡಾಯಿತು. ಆಗ ಬುದ್ಧನು ಅವರಿಗೆ ಹೇಳಿದ ಕಥೆ ಇದು.

ಕಾಶಿಯ ಪ್ರಬಲ ರಾಜನಾದ ಬ್ರಹ್ಮದತ್ತನು ಕೋಸಲದ ರಾಜನಾದ ದೀಘೀತಿಯ ರಾಜ್ಯವನ್ನು ಕಸಿದುಕೊಂಡನು. ದೀಘೀತಿಯು ರಾಣಿಯೊಡನೆ ವೇಷ ಮರೆಸಿಕೊಂಡು ಕಾಶಿಯ ಒಬ್ಬ ಕುಂಬಾರನ ಮನೆಯಲ್ಲಿ ಅಡಗಿದನು. ಅಲ್ಲಿ ದೀಘಾವು ಎಂಬ ಮಗನು ಹುಟ್ಟಿದನು. ಅವನನ್ನು ಊರ ಹೊರಗೆ ಇರಿಸಿ ಬೆಳೆಸಿದರು. ಮುಂದೆ ದೀಘೀತಿಯ ಹಳೆಯ ಕ್ಷೌರಿಕನೇ ಅವರ ಗುಟ್ಟನ್ನು ರಾಜನಿಗೆ ತಿಳಿಸಿದನು. ರಾಜನು ಇಬ್ಬರನ್ನೂ ಕಟ್ಟಿ, ಬೀದಿಯಲ್ಲಿ ಮೆರವಣಿಗೆ ಮಾಡಿಸಿ, ಕೊಲ್ಲುವಂತೆ ಅಪ್ಪಣೆ ಮಾಡಿದನು. ತಂದೆತಾಯಿಗಳನ್ನು ನೋಡಲು ಬಂದ ದೀಘಾವು ಆ ದೃಶ್ಯವನ್ನು ಕಂಡನು. ಮಗನನ್ನು ಗುಂಪಿನಲ್ಲಿ ಗುರುತಿಸಿದ ತಂದೆಯು ಉದ್ದವನ್ನೂ ನೋಡಬಾರದು, ಗಿಡ್ಡವನ್ನೂ ನೋಡಬಾರದು ಎಂಬ ಒಗಟಿನಂಥ ಮಾತನ್ನು ಹೇಳಿ, ಹಗೆತನವು ಹಗೆತನದಿಂದ ತೀರದೆಂದು ಕೂಗಿ ಹೇಳಿದನು. ಸಾವಿನ ಭಯದಿಂದ ಹುಚ್ಚು ಹಿಡಿದಿದೆಯೆಂದು ಜನರು ತಿಳಿದರು.

ದೀಘಾವು ಕಾಡಿಗೆ ಹೋಗಿ ಅತ್ತನು. ಬಳಿಕ ರಾಜನ ಆನೆಲಾಯದಲ್ಲಿ ಕೆಲಸ ಹಿಡಿದನು. ಅವನ ವೀಣೆಗೂ ಹಾಡಿಗೂ ಮೆಚ್ಚಿದ ರಾಜನು ಅವನು ಯಾರೆಂದು ತಿಳಿಯದೆ ತನ್ನ ಸೇವಕನನ್ನಾಗಿ ಮಾಡಿಕೊಂಡನು. ಒಂದು ದಿನ ಬೇಟೆಗೆ ಹೋದಾಗ ದೀಘಾವು ರಥವನ್ನು ಸೈನ್ಯದಿಂದ ದೂರಕ್ಕೆ ಓಡಿಸಿದನು. ದಣಿದ ರಾಜನು ಅವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದನು. ದೀಘಾವು ಮೂರು ಸಲ ಕತ್ತಿಯನ್ನು ಒರೆಯಿಂದ ಎಳೆದನು. ಮೂರು ಸಲವೂ ತಂದೆಯ ಮಾತು ನೆನಪಾಗಿ ಒರೆಗೆ ಸೇರಿಸಿದನು. ಎಚ್ಚೆತ್ತ ರಾಜನಿಗೆ ತಾನು ಯಾರೆಂದು ತಿಳಿಸಿದಾಗ ರಾಜನು ನಡುಗಿ ಪ್ರಾಣಭಿಕ್ಷೆ ಬೇಡಿದನು. ಕಡೆಗೆ ಇಬ್ಬರೂ ಒಬ್ಬರಿಗೊಬ್ಬರು ಪ್ರಾಣವನ್ನು ಕೊಟ್ಟುಕೊಂಡರು. ತಂದೆಯ ಒಗಟಿನ ಅರ್ಥವನ್ನು ದೀಘಾವು ವಿವರಿಸಿದನು: ಹಗೆಯನ್ನು ಉದ್ದಕ್ಕೆ ಬೆಳೆಸಬಾರದು; ಗೆಳೆತನವನ್ನು ಬೇಗನೆ ಮೊಟಕುಮಾಡಬಾರದು. ನಾನು ನಿನ್ನನ್ನು ಕೊಂದರೆ ನಿನ್ನವರು ನನ್ನನ್ನು ಕೊಲ್ಲುವರು, ನನ್ನವರು ಅವರನ್ನು ಕೊಲ್ಲುವರು, ಇದಕ್ಕೆ ಕೊನೆಯೆಲ್ಲಿ ಎಂದನು. ಬ್ರಹ್ಮದತ್ತನು ಕೋಸಲವನ್ನು ಹಿಂದಕ್ಕೆ ಕೊಟ್ಟು, ತನ್ನ ಮಗಳನ್ನೂ ಅವನಿಗೆ ಮದುವೆ ಮಾಡಿಕೊಟ್ಟನು.

ಮಕ್ಕಳಿಗೆ ಏನನ್ನು ಬಿಟ್ಟುಹೋಗೋಣ?

ಈ ಕಥೆಯಲ್ಲಿ ಮಗನ ಧೈರ್ಯ ದೊಡ್ಡದು. ತಂದೆಯ ವಿವೇಕ ಅದಕ್ಕಿಂತ ದೊಡ್ಡದು. ಸಾಯುವ ಗಳಿಗೆಯಲ್ಲಿ ಅವನು ಮಗನಿಗೆ "ಇದಕ್ಕೆ ಸೇಡು ತೀರಿಸು" ಎಂದು ಹೇಳಿದ್ದರೆ ಕೇಳಿದವರಲ್ಲಿ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಹಾಗೆ ಹೇಳಲಿಲ್ಲ. ರಾಜ್ಯವು ಹೋಗಿತ್ತು, ಪ್ರಾಣವೂ ಹೋಗುತ್ತಿತ್ತು. ಮಗನಿಗೆ ಕೊಡಲು ಅವನಲ್ಲಿ ಉಳಿದಿದ್ದುದು ಒಂದು ಮಾತು ಮಾತ್ರ. ಆ ಮಾತೇ ಮಗನನ್ನು ಉಳಿಸಿತು.

ಇದನ್ನು ಓದುವ ಹೆತ್ತವರಲ್ಲಿ ನಮ್ಮದೊಂದು ಅರಿಕೆಯಿದೆ. ಮಕ್ಕಳಿಗೆ ನಾವು ತೋಟವನ್ನು ಪಾಲು ಮಾಡಿಕೊಡುತ್ತೇವೆ, ಮನೆಯನ್ನು ಕೊಡುತ್ತೇವೆ, ವಿದ್ಯೆಯನ್ನು ಕೊಡಿಸುತ್ತೇವೆ. ಅವುಗಳ ಜೊತೆಗೆ, ನ್ಯಾಯಸ್ಥಾನದಲ್ಲಿ ತೀರ್ಮಾನವಾಗಿ ಮುಗಿದ ಗಡಿಜಗಳದ ಹಗೆಯನ್ನೂ ತಿಳಿಯದೆ ಕೊಟ್ಟುಬಿಡುತ್ತೇವೆ. "ಆ ಮನೆಯವರೊಡನೆ ಮಾತಾಡಬೇಡ" ಎಂಬ ಒಂದೇ ಮಾತಿನಿಂದ, ಕಾರಣವೇನೆಂದೂ ತಿಳಿಯದ ಎರಡು ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಒಬ್ಬರ ಮುಖ ಒಬ್ಬರು ನೋಡದಂತಾಗುತ್ತದೆ. ಅಜ್ಜನ ಕಾಲದ ಮಾತಿಗೆ ಮೊಮ್ಮಗನು ಮುಖ ತಿರುಗಿಸಬೇಕೇ? ನಮ್ಮ ನೋವು ನಮ್ಮಲ್ಲಿಯೇ ಮುಗಿಯಲಿ.

ವಿದ್ಯಾರ್ಥಿ ಬಂಧುಗಳೇ, ನೀವೂ ಒಂದು ಕೆಲಸ ಮಾಡಬಹುದು. ಈ ವರ್ಷ ನಿಮ್ಮನ್ನು ನೋಯಿಸಿದವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿರಿ. ಎಲ್ಲರಿಗಿಂತ ಹೆಚ್ಚು ನೋಯಿಸಿದವರನ್ನಲ್ಲ, ಸ್ವಲ್ಪವೇ ನೋಯಿಸಿದವರನ್ನು. ಅವರು ಚುಂದನೋ, ಪಾಚಿ ಮುಚ್ಚಿದ ಕೆರೆಯೋ, ದಾರಿಯಲ್ಲಿ ಬಿದ್ದ ರೋಗಿಯೋ ಎಂದು ಯೋಚಿಸಿರಿ. ಅವರಿಗೆ ಒಳ್ಳೆಯದಾಗಲಿ ಎಂದು ರಾತ್ರಿ ಮಲಗುವ ಮುಂಚೆ ಒಮ್ಮೆ ಬಯಸಿರಿ. ಮೊದಲ ದಿನ ಅದು ಬಾಯಿಮಾತಾಗಿಯೇ ಇರುತ್ತದೆ. ಪರವಾಗಿಲ್ಲ, ಮರುದಿನವೂ ಬಯಸಿರಿ. ಬೇಸಗೆಯ ರಜೆ ಮುಗಿದು ಶಾಲೆ ತೆರೆದಾಗ ಅವರನ್ನು ಕಂಡು ನೀವಾಗಿಯೇ ಮೊದಲು ಮಾತಾಡಿಸುವಂತಾದರೆ, ಈ ಪಾಠವನ್ನು ಓದಿದ್ದು ಸಾರ್ಥಕವಾಯಿತೆಂದು ತಿಳಿಯೋಣ.